ತೂತಿಗೆ ತಕ್ಕ ನಾಲಿಗೆ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದತ್ತ ಹೊರಟ ಚಕ್ಕಡಿಗಳು ಮಲಪ್ರಭೆಯ ಸೀಮೆಯ ದಾರಿಗಳಲ್ಲಿ ಕಾಣಸಿಗುತ್ತವೆ. ಎತ್ತುಗಳ ಕೊರಳ ಗೆಜ್ಜೆಯನ್ನೂ ಕೋಡಿನ ಬಣ್ಣವನ್ನೂ ಮೆಚ್ಚುವವರು ಅನೇಕರು. ಮರದ ಗಾಲಿಯನ್ನು ನೋಡಿ ನಿಲ್ಲುವವರು ವಿರಳ. ನಡುವಿನ ಗುಂಬದಿಂದ ಹೊರಟ ಅರಗಳು 12 ಇದ್ದರೆ, ಒಂದೊಂದರ ಎರಡೂ ತುದಿಗಳಲ್ಲಿ ಒಂದೊಂದು ನಾಲಿಗೆ, ಒಟ್ಟು 24. ಒಳತುದಿ ಗುಂಬದ ತೂತಿನಲ್ಲಿ, ಹೊರತುದಿ ಸುತ್ತಿನ ಮರದ ತೂತಿನಲ್ಲಿ ಕೂಡಬೇಕು. ಒಂದು ಸಡಿಲವಾದರೂ ಅದರ ಭಾರ ನೆರೆಯ ಅರಗಳ ಮೇಲೆ ಬೀಳುತ್ತದೆ. ಬಿಗಿದ ಕಬ್ಬಿಣದ ಹಳಿಯೂ ಆ ಗಾಲಿಯನ್ನು ಬಹುಕಾಲ ಕಾಯಲಾರದು.

ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದು ಮರದ ತೂತಿನಲ್ಲಿ ಕೂಡಿಸುವ ಈ ಉಪಾಯ ಅತಿ ಪ್ರಾಚೀನವಾದುದು. 1954ರಲ್ಲಿ ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ಡಿನ ಬಳಿ ದೊರೆತ ಖುಫು ದೊರೆಯ ನೌಕೆಯ ಹಲಗೆಗಳನ್ನು ತೂತು–ನಾಲಿಗೆಗಳಿಂದಲೂ ಹಗ್ಗದಿಂದಲೂ ಬಂಧಿಸಲಾಗಿತ್ತು. ಅದರ ಆಯುಷ್ಯ ಸುಮಾರು 4,500 ವರ್ಷ. ಜರ್ಮನಿಯ ಲೈಪ್‌ಜಿಗ್ ಸುತ್ತಮುತ್ತ ಅಗೆದಾಗ ಸಿಕ್ಕ ಮರದ ಬಾವಿಗಳು 7,000 ವರ್ಷಗಳಷ್ಟು ಹಳೆಯವು. ಅವುಗಳಲ್ಲಿಯೂ ಇದೇ ಜೋಡಣೆ ಇದೆ.

ಮಲಪ್ರಭೆಯ ದಂಡೆಯ ಮುನವಳ್ಳಿ ಪಂಚಲಿಂಗೇಶ್ವರ ದೇವಾಲಯದಿಂದ ಹೆಸರಾದ ಊರು. ಇಂಥ ಊರುಗಳಲ್ಲಿ ರಬ್ಬರಿನ ಚಕ್ರವೂ ಟ್ರ್ಯಾಕ್ಟರೂ ಬಂದ ಬಳಿಕ ಬಡಿಗನ ಬದುಕು ಗಾಲಿಯಿಂದ ಬಾಗಿಲಿನತ್ತ ಸರಿಯಿತು. ಆದರೆ ಲೆಕ್ಕ ಹಗುರಾಗಲಿಲ್ಲ. ಒಂದು ಕದಕ್ಕೆ ಮೂರು ಅಡ್ಡಪಟ್ಟಿಗಳಾದರೆ ಆರು ನಾಲಿಗೆ. ಒಂದು ಮನೆಗೆ ಎಂಟು ಕದಗಳೆಂದರೆ 48. ಹತ್ತು ಕಿಟಕಿಗಳಿಗೆ ಎರಡೆರಡು ಕದ, ಕದಕ್ಕೆ ನಾಲ್ಕರಂತೆ 80. ಒಟ್ಟು 128 ನಾಲಿಗೆಗಳು! ಗರಗಸ, ಉಳಿ, ಕೊಡತಿ ಹಿಡಿದ ಕೈ ಮೊದಲನೆಯದನ್ನು ಕೆತ್ತಿದ ಶ್ರದ್ಧೆಯಿಂದಲೇ 128ನೆಯದನ್ನೂ ಕೆತ್ತೀತೆ? ಸಂಜೆಯ ಹೊತ್ತಿಗೆ ಕಣ್ಣು ಸೋಲುತ್ತದೆ, ತೋಳು ಸೋಲುತ್ತದೆ. ನಾಲಿಗೆ ದಪ್ಪವಾದರೆ ಬಡಿಯುವಾಗ ಪಟ್ಟಿ ಸೀಳುತ್ತದೆ. ತೆಳುವಾದರೆ ಅಂಟು ಹಿಡಿಯುವುದಿಲ್ಲ, ಕೆಲವು ವರ್ಷಗಳಲ್ಲಿ ಕದ ಜೋತುಬಿದ್ದು ಹೊಸ್ತಿಲನ್ನು ಉಜ್ಜುತ್ತದೆ. ಸೀಳಿದ ಸಾಗವಾನಿಯ ಬೆಲೆ ಬಡಿಗನ ಕೂಲಿಯನ್ನೇ ನುಂಗುವುದುಂಟು.

ಇಲ್ಲಿ ನೆರವಿಗೆ ಬಂದುದು ರೌಟರ್ ಎಂಬ ವಿದ್ಯುತ್ ಯಂತ್ರ. ಅದರ ಕೊರೆಯುವ ಬಿಟ್ ನಿಮಿಷಕ್ಕೆ ಸುಮಾರು 10,000ದಿಂದ 25,000 ಸುತ್ತು ತಿರುಗುತ್ತದೆ. ಆದರೆ ವೇಗವೊಂದೇ ಸಮತೆಯನ್ನು ತಂದುಕೊಡಲಾರದು. ಅದನ್ನು ತಂದುಕೊಡುವುದು ಕೆಲಸದ ಕ್ರಮ.

ಮೊದಲನೆಯದಾಗಿ, ಎಲ್ಲ ಪಟ್ಟಿಗಳನ್ನೂ ಒಂದೇ ದಪ್ಪಕ್ಕೆ, ಒಂದೇ ಉದ್ದಕ್ಕೆ ಸಿದ್ಧಪಡಿಸಬೇಕು. ಇದರ ಕಾರಣ ಸರಳ. 36 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಎರಡೂ ಮೈಗಳಿಂದ 12 ಮಿಲಿಮೀಟರ್ ತೆಗೆದರೆ ನಡುವೆ 12 ಮಿಲಿಮೀಟರಿನ ನಾಲಿಗೆ ಉಳಿಯುತ್ತದೆ. ಮೂರನೆಯ ಒಂದು ಪಾಲೆಂಬ ಹಳೆಯ ನಿಯಮವೂ ಇದೇ. ಪಟ್ಟಿ ಅರ್ಧ ಮಿಲಿಮೀಟರ್ ದಪ್ಪವಾಗಿದ್ದರೆ ನಾಲಿಗೆಯೂ ಅಷ್ಟೇ ದಪ್ಪವಾಗುತ್ತದೆ. ಬಿಟ್ಟಿನ ಆಳದಲ್ಲಿ ತಪ್ಪಾದರೆ ಅದು ಎರಡು ಮೈಗಳಲ್ಲಿಯೂ ಬಿದ್ದು ಇಮ್ಮಡಿಸುತ್ತದೆ. ಎರಡನೆಯದಾಗಿ, ತೂತುಗಳನ್ನು ಮೊದಲೇ ಕೊರೆದಿಡಬೇಕು. ತೂತಿನ ಅಗಲವನ್ನು ಉಳಿಯೋ ಬಿಟ್ಟೋ ನಿಶ್ಚಯಿಸಿಬಿಡುತ್ತದೆ. ಅದಕ್ಕೆ ತಕ್ಕಂತೆ ನಾಲಿಗೆಯನ್ನು ತಿದ್ದುವುದು ಸುಲಭ. ಅದೇ ದಪ್ಪದ ಬೇಡದ ತುಂಡಿನ ಮೇಲೆ ಪರೀಕ್ಷಿಸಿ, ಕೈಯೊತ್ತಿಗೆ ನುಸುಳಿ ಕೊಡತಿಯ ಒಂದೆರಡು ಮೆಲುಪೆಟ್ಟಿಗೆ ಕೂಡುವಂತಾದ ಮೇಲೆಯೇ ನಿಜವಾದ ಮರಕ್ಕೆ ಕೈಹಚ್ಚಬೇಕು.

ದೊಡ್ಡ ಮೇಜು ಯಂತ್ರವಿಲ್ಲದ ಸಣ್ಣ ಅಂಗಡಿಗೂ ಒಂದು ಉಪಾಯವಿದೆ. ಹಲಗೆಯೊಂದರ ಮೇಲೆ ಪಟ್ಟಿಗಳಷ್ಟೇ ದಪ್ಪದ ತಡೆಕಟ್ಟಿಗೆಯನ್ನು ಬಿಗಿದು, ನಾಲ್ಕು ಪಟ್ಟಿಗಳ ತುದಿಗಳನ್ನು ಅದಕ್ಕೆ ಆನಿಸಿ, ಒಟ್ಟಾಗಿ ಕ್ಲ್ಯಾಂಪು ಹಾಕಬೇಕು. ಅಡ್ಡಲಾಗಿ ಒಂದು ನೇರ ಪಟ್ಟಿಯನ್ನು ಮೂಲಮಟ್ಟ ಹಿಡಿದು ಭದ್ರಪಡಿಸಿದರೆ ಯಂತ್ರದ ತಳ ಅದನ್ನು ಒತ್ತಿಕೊಂಡು ಸಾಗುತ್ತದೆ. ನಾಲ್ಕಕ್ಕೂ ನಾಲಿಗೆಯ ಹೆಗಲು ಒಂದೇ ಗೆರೆಯಲ್ಲಿ ಬೀಳುತ್ತದೆ. ಪಟ್ಟಿಗಳನ್ನು ಮಗುಚಿ ಮತ್ತೆ ಅದೇ ತಡೆಗೆ ಆನಿಸಿದರೆ ಇನ್ನೊಂದು ಮೈಯೂ ಹಾಗೆಯೇ. ಕೊನೆಗೊಂದು ಬೇಡದ ತುಂಡನ್ನು ಸೇರಿಸಿಟ್ಟರೆ ಅಂಚು ಸಿಬಿರೇಳುವುದಿಲ್ಲ. ಪೂರ್ಣ ಆಳವನ್ನು ಒಮ್ಮೆಲೆ ತೆಗೆಯದೆ ಮೂರು ನಾಲ್ಕು ಸಾರಿ ತೆಗೆಯಬೇಕು. ಬಿಟ್ ಕೊರೆಯುವ ದಿಕ್ಕಿಗೆ ಎದುರಾಗಿಯೇ ಯಂತ್ರವನ್ನು ನಡೆಸಬೇಕು. ಇಲ್ಲವಾದರೆ ಅದು ಕೈಯಿಂದ ಕಿತ್ತುಕೊಂಡು ಓಡುತ್ತದೆ.

ರೌಟರಿನಲ್ಲಿಯೇ ಕೊರೆದ ತೂತಿನ ತುದಿ ದುಂಡಗಿರುತ್ತದೆ, ನಾಲಿಗೆಯ ಅಂಚು ಚೌಕ. ಆಗ ಉಳಿಯಿಂದ ತೂತನ್ನು ಚೌಕ ಮಾಡಬೇಕು, ಇಲ್ಲವೆ ಅರದಿಂದ ನಾಲಿಗೆಯನ್ನು ದುಂಡಗೆ ಮಾಡಬೇಕು. ಯಂತ್ರ ಬಂದರೂ ಉಳಿಗೆ ಕೆಲಸ ತಪ್ಪಲಿಲ್ಲ!

ಯಂತ್ರಕ್ಕೆ ತಿಳಿಯದ ಇನ್ನೊಂದು ವಿಷಯವಿದೆ. ಮರ ಎಳೆಯ ಉದ್ದಕ್ಕೆ ಅಷ್ಟಾಗಿ ಕುಗ್ಗದು; ಅಡ್ಡಕ್ಕೆ ಕುಗ್ಗುತ್ತದೆ. ಮಲೆನಾಡಿನ ತೇವವನ್ನು ಹೊತ್ತು ಬಂದ ಹಸಿಮರವನ್ನು ಮಳೆಗಾಲದಲ್ಲಿ ಎಷ್ಟೇ ಸಮನಾಗಿ ಕೆತ್ತಿದರೂ, ಎರೆಸೀಮೆಯ ಬೇಸಗೆ ಅದನ್ನು ಸಡಿಲಗೊಳಿಸುತ್ತದೆ. ಒಣಗಲು ಬಿಟ್ಟ ಕಾಲ ವ್ಯರ್ಥವಲ್ಲ.

ದೇಹದ ಚಿಂತೆಯೂ ಬೇಕು. ಯಂತ್ರ ಎಬ್ಬಿಸುವ ನುಣ್ಣನೆಯ ಧೂಳು ಉಳಿಯ ಚಕ್ಕೆಯಂತೆ ಕೆಳಗೆ ಬೀಳದೆ ಉಸಿರಿನೊಡನೆ ಒಳಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ಕಿವಿಗೆ ಮರೆ ಇವು ಷೋಕಿಯ ವಸ್ತುಗಳಲ್ಲ. ಬಿಟ್ ಬದಲಿಸುವ ಮುನ್ನ ವಿದ್ಯುತ್ ತಂತಿಯನ್ನು ಕಿತ್ತಿಡುವುದು ಬೆರಳುಗಳ ರಕ್ಷಣೆ.

ಮನೆಯೊಡೆಯನಿಗೆ ಬಾಗಿಲಿನ ಮೆರುಗು ಕಾಣುತ್ತದೆ, ನಾಲಿಗೆ ಕಾಣುವುದಿಲ್ಲ. ಅದು ತೂತಿನೊಳಗೆ ಅಡಗಿಹೋಗುತ್ತದೆ. ಹತ್ತು ಮಳೆಗಾಲ ಕಳೆದ ಮೇಲೂ ಕದ ಒಂದೇ ಬೆರಳಿಗೆ ಸದ್ದಿಲ್ಲದೆ ತೆರೆದುಕೊಂಡರೆ, ಅದನ್ನು ಕೆತ್ತಿದವನಿಗೆ ಅದಕ್ಕಿಂತ ಹೆಚ್ಚಿನ ಪ್ರಶಸ್ತಿಪತ್ರ ಬೇಕಿಲ್ಲ.