ಹೊಳೆ ದಾಟಿದ ಕೋಟೆಗಳು

ಹೊಸದುರ್ಗ ಎಂದರೆ ನಮ್ಮವರಿಗೆ ನೆನಪಾಗುವುದು ಚಿತ್ರದುರ್ಗ ಜಿಲ್ಲೆಯ ತಾಲೂಕು. ಇನ್ನೊಂದು ಹೊಸದುರ್ಗ ಕೇರಳದಲ್ಲಿದೆ. ಅದೂ ತಾಲೂಕೇ. ಕಾಸರಗೋಡು ಜಿಲ್ಲೆಯ ಕಾಞಂಗಾಡ್ ಪೇಟೆಯೇ ಅದರ ಕೇಂದ್ರ. ಸರ್ಕಾರಿ ಕಾಗದಪತ್ರಗಳಲ್ಲಿ ಇಂದಿಗೂ ಅದು ‘ಹೊಸ್‌ದುರ್ಗ್’. ಊರಿನ ಮಲಯಾಳಿಗಳು ಆಡುಮಾತಿನಲ್ಲಿ ಆ ಜಾಗವನ್ನು ‘ಪುದಿಯಕೋಟ್ಟ’ ಎನ್ನುತ್ತಾರೆ. ಎರಡೂ ಒಂದೇ, ಹೊಸ ಕೋಟೆ. ಕನ್ನಡ ಕಚೇರಿಯಲ್ಲಿ ಉಳಿಯಿತು, ಮಲಯಾಳ ಬಾಯಲ್ಲಿ ಉಳಿಯಿತು. ಗಡಿನಾಡಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿರುತ್ತದೆ.

ಅಷ್ಟು ದಕ್ಷಿಣಕ್ಕೆ ಕನ್ನಡದ ಹೆಸರು ಹೋದದ್ದು ಹೇಗೆ ಎಂದು ನೋಡಲು ಒಂದು ಶನಿವಾರ ಹೊರಟೆ. ಮಂಗಳೂರಿನಿಂದ ರೈಲಿನಲ್ಲಿ ಸೀದಾ ಕಾಞಂಗಾಡಿಗೆ ಹೋಗುವುದು, ಅಲ್ಲಿಂದ ಬಸ್ಸು ಹಿಡಿದು ಕಡಲ ಬದಿಯಲ್ಲೇ ಉತ್ತರಕ್ಕೆ ಮರಳುವುದು. ಈ ತಲೆಕೆಳಗಾದ ದಾರಿ ನನ್ನ ಶೋಧವಲ್ಲ. ಟಿಪ್ಪು ಬಿದ್ದ ಮೇಲೆ ಕೈಗೆ ಬಂದ ನಾಡು ಎಂಥದ್ದೆಂದು ನೋಡಿ ಬರಲು ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತ್ತಷ್ಟೆ? ಆತ 1801ರ ಜನವರಿಯಲ್ಲಿ ಮಲಬಾರ್ ಮುಗಿಸಿ ಕೆನರಾಕ್ಕೆ ಬಂದದ್ದು ಇದೇ ದಾರಿಯಲ್ಲಿ. ನೀಲೇಶ್ವರ, ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರ. ಇಂದಿನ ಬಸ್ಸಿನ ಕಂಡಕ್ಟರ್ ಕೂಗುವ ಹೆಸರುಗಳು ಅವನ ಪುಸ್ತಕದಲ್ಲಿ ಅದೇ ಸರದಿಯಲ್ಲಿ ಸಿಗುತ್ತವೆ.

ಬುಕಾನನ್ ಈ ದಾರಿಗೆ ಬರುವ ಮೊದಲೇ ಮಲಬಾರಿನ ಅಂಗಾಡಿಪುರಂನಲ್ಲಿ ಒಂದು ಕಲ್ಲು ನೋಡಿ ಬೆರಗಾಗಿದ್ದ. ನೆಲದಲ್ಲಿರುವಾಗ ಮೆದು, ಕೊಡಲಿಯಂಥ ಆಯುಧದಿಂದ ಕಡಿಯಬಹುದು. ಹೊರಗೆ ತೆಗೆದು ಗಾಳಿಗಿಟ್ಟರೆ ಗಟ್ಟಿ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರೆಂದು ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಜಗತ್ತಿನ ಭೂವಿಜ್ಞಾನವೆಲ್ಲ ಆ ಹೆಸರನ್ನು ಒಪ್ಪಿಕೊಂಡಿತು. ನಮ್ಮ ಕರಾವಳಿಯವರಿಗೆ ಅದು ಮೊದಲೂ ಮುರಕಲ್ಲು, ಈಗಲೂ ಮುರಕಲ್ಲು. ಕೋಟೆಗಳನ್ನು ಕಟ್ಟಿದ್ದು ಕೆಳದಿಯ ನಾಯಕರೆಂದು ಪಠ್ಯಪುಸ್ತಕ ಹೇಳುತ್ತದೆ. ಅರ್ಧ ಪುಣ್ಯ ಈ ಕಲ್ಲಿಗೂ ಸೇರಬೇಕು. ದೂರದಿಂದ ಬಂಡೆ ಸಾಗಿಸುವ ಕೆಲಸವಿಲ್ಲ. ಗುಡ್ಡೆಯನ್ನು ಕಡಿದರೆ ಗೋಡೆಗೆ ಕಲ್ಲು ಸಿಕ್ಕಿತು, ಕಡಿದ ಹೊಂಡವೇ ಕಂದಕವೂ ಆಯಿತು.

ಹೊಸದುರ್ಗದ ಕೋಟೆಯಲ್ಲಿ ನೋಡಲು ಹೆಚ್ಚೇನಿಲ್ಲ. ಕೆಲವು ದುಂಡು ಬುರುಜುಗಳು ಉಳಿದಿವೆ. ಪಕ್ಕದಲ್ಲಿ ನಿತ್ಯಾನಂದ ಸ್ವಾಮಿಗಳ ಆಶ್ರಮವಿದೆ. ಅವರು ಮಹಾರಾಷ್ಟ್ರದ ಗಣೇಶಪುರಿಗೆ ಹೋಗುವ ಮೊದಲು ಇಲ್ಲಿ ಕೊರೆಸಿದ ಗುಹೆಗಳೂ ಇದೇ ಮುರಕಲ್ಲಿನವು. ಕೋಟೆ ಕಟ್ಟಿಸಿದವರು ಕೆಳದಿಯವರು, ಹೆಸರು ಸೋಮಶೇಖರ ನಾಯಕನದು. 1730ರ ದಶಕದಲ್ಲಿ ಅವನ ಸೇನೆ ನೀಲೇಶ್ವರದ ಅರಸನ ಮೇಲೆ ಏರಿಹೋಯಿತು. ತಲಶ್ಶೇರಿಯಲ್ಲಿ ಕಾಳುಮೆಣಸಿನ ಕೋಠಿ ಇಟ್ಟುಕೊಂಡಿದ್ದ ಇಂಗ್ಲಿಷರು ತಮ್ಮ ವ್ಯಾಪಾರಕ್ಕೆ ಧಕ್ಕೆಯಾದೀತೆಂದು ನಡುವೆ ಬಂದು ಒಪ್ಪಂದ ಮಾಡಿಸಿದರು. ಕೋಟೆ ಕಾಯಲು ಬಂದ ಕನ್ನಡದ ಸೈನಿಕರು ತಿರುಗಿ ಹೋಗಲಿಲ್ಲ. ಕೋಟೆಯವರು ಎಂದೇ ಕರೆಸಿಕೊಂಡ ರಾಮಕ್ಷತ್ರಿಯ ಮನೆತನಗಳು ಇಂದಿಗೂ ಹೊಸದುರ್ಗ, ಬೇಕಲದ ಸುತ್ತ ಇವೆ. ತಾಲೂಕಿನ ಹೆಸರು ಯಾಕೆ ಉಳಿಯಿತೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಹೊಳೆದಿಲ್ಲ. ಅರಸು ಮನೆತನ ಅಳಿದರೂ ಕಾವಲಿನವರು ಅಲ್ಲೇ ಮನೆ ಕಟ್ಟಿದ್ದರು.

‘ಹೊಸ’ ಕೋಟೆ ಎನ್ನಬೇಕಾದರೆ ಹಳೆಯದೊಂದು ಇರಬೇಕಲ್ಲ. ಅದು ಬೇಕಲ. ಅಲ್ಲಿಂದ ಉತ್ತರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಬೇಕಲ ಕೋಟೆ ಕೇರಳದ ಅತಿ ದೊಡ್ಡ ಕೋಟೆ, ಸುಮಾರು 40 ಎಕರೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಸ್ಸಿಳಿದು ಹೋದರೆ ಬಾಗಿಲಲ್ಲೇ ಆಂಜನೇಯನ ಗುಡಿ, ಹೊರಗೆ ತುಸು ದೂರದಲ್ಲಿ ಟಿಪ್ಪು ಕಟ್ಟಿಸಿದ್ದೆನ್ನುವ ಮಸೀದಿ. ಒಳಗೆ ಕಣ್ಣಿಗೆ ಬೀಳುವಂಥ ಅರಮನೆಯಿಲ್ಲ, ರಾಣಿವಾಸವಿಲ್ಲ. ಮದ್ದಿನ ಮನೆ, ಮೆಟ್ಟಿಲಿಳಿಯುವ ಕೆರೆ, ಅಗಲವಾದ ಇಳಿಜಾರು ಹತ್ತಿ ಹೋಗುವ ಎತ್ತರದ ನೋಟದ ಬುರುಜು. ಗೋಡೆಯ ಕಿಂಡಿಗಳಲ್ಲಿ ಕಣ್ಣಿಟ್ಟು ನೋಡಬೇಕು. ಮೇಲಿನ ಸಾಲಿನ ಕಿಂಡಿಯಲ್ಲಿ ದೂರದ ಕಡಲು, ಕೆಳಗಿನ ಸಾಲಿನದರಲ್ಲಿ ಗೋಡೆಯ ಬುಡ. ಹಡಗಿಗೊಂದು, ಏಣಿ ಹಾಕುವವನಿಗೊಂದು. ಇದು ವಾಸಕ್ಕೆ ಕಟ್ಟಿದ್ದಲ್ಲ, ಕಾವಲಿಗೆ ಕಟ್ಟಿದ್ದು ಎನ್ನಲು ಬೇರೆ ಪುರಾವೆ ಬೇಡ.

ಮಲೆನಾಡಿನ ತನ್ನ ರಾಜಧಾನಿ ಬಿದನೂರಿನಲ್ಲಿ ಕುಳಿತ ಶಿವಪ್ಪ ನಾಯಕನಿಗೆ ಇಷ್ಟು ದೂರದ ಕಡಲ ತುದಿಯಲ್ಲಿ ಕಾವಲು ಏಕೆ? ಘಟ್ಟದ ಮೇಲೆ ಬೆಳೆದ ಮೆಣಸು ಇಳಿಯುವುದು ಕರಾವಳಿಯ ಬಂದರಿಗೆ. ಬಂದರುಗಳ ಬಾಯಲ್ಲಿ ಕುಳಿತವರು ಪೋರ್ಚುಗೀಸರು. ಹೊನ್ನಾವರ, ಬಸ್ರೂರು, ಮಂಗಳೂರು ಮೂರರಿಂದಲೂ ಅವರನ್ನು ಎಬ್ಬಿಸಿದವನು ಶಿವಪ್ಪ ನಾಯಕನೇ, 1650ರ ದಶಕದ ಮೊದಲ ಭಾಗದಲ್ಲಿ. ಬಂದರು ಕೈಗೆ ಬಂದ ಮೇಲೆ ದಕ್ಷಿಣದ ಬಾಗಿಲಿಗೆ ಅಗುಳಿ ಬೇಕಾಯಿತು. ಅತ್ತ ಕೋಲತ್ತಿರಿ, ನೀಲೇಶ್ವರದ ಅರಸರು, ಇತ್ತ ಕುಂಬಳೆಯವರು.

1763ರಲ್ಲಿ ಹೈದರಾಲಿ ಬಿದನೂರು ಗೆದ್ದಾಗ ಈ ಕಾವಲೂ ಮೈಸೂರಿನ ಪಾಲಾಯಿತು. ಬೇಕಲದ ಬಾಳಿನಲ್ಲಿ ತುರುಸಿನ ಕಾಲ ಬಂದದ್ದು ಆಮೇಲೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಕಂಪನಿಗೆ ಬಿಟ್ಟುಕೊಟ್ಟ, ಕೆನರಾ ಮಾತ್ರ ಅವನಲ್ಲೇ ಉಳಿಯಿತು. ಏಳು ವರ್ಷ ಬೇಕಲ ನಿಜವಾದ ಗಡಿಕೋಟೆಯಾಗಿತ್ತು, ಎದುರಿಗೆ ಇಂಗ್ಲಿಷರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಎರಡೂ ಬದಿ ಒಬ್ಬರದೇ ಆದವು, ಕಾವಲಿಗೆ ಕೆಲಸವಿಲ್ಲದಾಯಿತು. ಕೆನರಾ ಜಿಲ್ಲೆಯಲ್ಲಿ ‘ಬೇಕಲ ತಾಲೂಕು’ ಎಂದು ಹೆಸರಷ್ಟೇ ಕೆಲ ಕಾಲ ನಡೆಯಿತು. ಮುಂದೆ ಅದು ಕಾಸರಗೋಡು ತಾಲೂಕಾಯಿತು.

ಮತ್ತೆ ಜನ ಬೇಕಲದ ಕಡೆ ತಿರುಗಿದ್ದು ಸಿನಿಮಾದಿಂದ. ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಮಳೆಯಲ್ಲಿ ನೆನೆದ ಹಾಡಿಗೆ ಈ ಗೋಡೆಗಳೇ ಹಿನ್ನೆಲೆ. ಚಿತ್ರ ತೆರೆಕಂಡದ್ದು 1995ರಲ್ಲಿ. ಬೇಕಲದ ಪ್ರವಾಸೋದ್ಯಮಕ್ಕೆಂದೇ ಕೇರಳ ಸರ್ಕಾರ ಒಂದು ನಿಗಮ ಕಟ್ಟಿದ್ದೂ ಅದೇ ವರ್ಷ. ಈಗ ಶನಿವಾರ ಭಾನುವಾರ ಮದುವೆಯ ಫೋಟೋ ತೆಗೆಸುವವರೇ ಹೆಚ್ಚು. ನಾನು ಹೋದಾಗ ಹೊಸ ಜೋಡಿಯೊಂದು ಫಿರಂಗಿಯ ಕಿಂಡಿಯಲ್ಲಿ ಕುಳಿತಿತ್ತು. ಛಾಯಾಗ್ರಾಹಕ ಮಲಯಾಳದಲ್ಲಿ ನಗಲು ಹೇಳುತ್ತಿದ್ದ, ಹುಡುಗಿ ತುಳುವಿನಲ್ಲಿ ಸೆಖೆ ಎನ್ನುತ್ತಿದ್ದಳು.

ಇಷ್ಟರಲ್ಲಿ ಓದುಗರು ಹೊಳೆ ಎಲ್ಲಿ ಎಂದು ಕೇಳಿಯಾರು. ಬೇಕಲದಿಂದ ಕಾಸರಗೋಡಿನ ಕಡೆಗೆ ಹೊರಟರೆ ಪೇಟೆ ಸಿಗುವ ಮೊದಲು ಉದ್ದನೆಯ ಸೇತುವೆ ಬರುತ್ತದೆ. ಕೆಳಗೆ ಹರಿಯುವುದು ಚಂದ್ರಗಿರಿ. ಮಲಯಾಳದಲ್ಲಿ ಇದಕ್ಕೆ ಪೆರುಂಪುಳ, ದೊಡ್ಡ ಹೊಳೆ, ಎಂಬ ಹೆಸರೂ ಇತ್ತು. ಕೇರಳದ ಬಗ್ಗೆ ಬರೆದ ಹಳಬರಲ್ಲಿ ಹಲವರು ಮಲಯಾಳ ನಾಡು ಮುಗಿಯುವುದು ಈ ಹೊಳೆಯಲ್ಲಿ ಎಂದರು. ಬುಕಾನನ್ ಕೂಡ ಇಲ್ಲೇ ಮಲಯಾಳದ ಉತ್ತರದ ಎಲ್ಲೆ ಎಂದು ಬರೆದ. ನಾಯರ್ ಹೆಂಗಸರು ಇದನ್ನು ದಾಟಿ ಉತ್ತರಕ್ಕೆ ಕಾಲಿಡಬಾರದೆಂಬ ಕಟ್ಟಳೆಯಿತ್ತೆಂಬುದನ್ನು ಬ್ರಿಟಿಷರ ಕಾಲದ ಬರಹಗಳು ದಾಖಲಿಸಿವೆ. ಹೊಳೆಯ ತೆಂಕಣ ಬದಿಯಲ್ಲಿ ತೆಯ್ಯಂ, ಬಡಗಣ ಬದಿಯಲ್ಲಿ ಭೂತಕೋಲ ಮತ್ತು ಯಕ್ಷಗಾನ ಎಂದು ಸ್ಥೂಲವಾಗಿ ಹೇಳಬಹುದು. ಸ್ಥೂಲವಾಗಿ ಮಾತ್ರ. ದೈವಗಳು ಸೇತುವೆ ಕಟ್ಟುವ ಮೊದಲೇ ಆಚೆಈಚೆ ಓಡಾಡಿಕೊಂಡಿದ್ದವು.

ಅಂದರೆ ಕೆಳದಿಯವರು ಈ ಎಲ್ಲೆಯನ್ನು ಮೀರಿ ಆಚೆ ಹೋಗಿ ಕಟ್ಟಿದರು. ಬೇಕಲ, ಹೊಸದುರ್ಗ ಎರಡೂ ಹೊಳೆಯ ತೆಂಕಣಕ್ಕಿವೆ. ಮೊದಲ ಹೆಜ್ಜೆ ಇಟ್ಟ ಜಾಗವೂ ಹೊಳೆಯ ದಂಡೆಯಲ್ಲೇ ಇದೆ. ಸೇತುವೆಗೆ ಮೊದಲೇ ಬಸ್ಸಿಳಿದು ಗುಡ್ಡೆ ಹತ್ತಿದರೆ ಚಂದ್ರಗಿರಿ ಕೋಟೆ. ಬೇಕಲದ ಮುಂದೆ ಇದು ಅಂಗಳದಷ್ಟೇ, ಏಳು ಎಕರೆ. ಆದರೆ ಗೋಡೆಯ ಮೇಲೆ ನಿಂತರೆ ಕೆಳದಿಯವರ ಲೆಕ್ಕಾಚಾರ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಕೆಳಗೆ ತೆಂಗಿನ ತೋಟಗಳ ನಡುವೆ ಹೊಳೆ ಬಾಗಿ ಕಡಲಿಗೆ ಸೇರುತ್ತದೆ. ಎದುರು ದಡದಲ್ಲಿ ತಳಂಗರೆ, ಮಾಲಿಕ್ ದೀನಾರ್ ಹೆಸರಿನ ಹಳೆಯ ಮಸೀದಿಯ ಊರು. ಅರಬ್ ವ್ಯಾಪಾರಿಗಳ ದೋಣಿ ಬರುತ್ತಿದ್ದ ಅಳಿವೆ. ಈ ಗುಡ್ಡೆಯ ಮೇಲೆ ನಾಲ್ಕು ಫಿರಂಗಿಗಳಿದ್ದರೆ ಅಳಿವೆಯೊಳಗೆ ನುಸುಳುವ ದೋಣಿಯನ್ನೂ ಹೊಳೆ ದಾಟುವ ದಂಡನ್ನೂ ಒಟ್ಟಿಗೆ ತಡೆಯಬಹುದಿತ್ತು.

ಕಾಲು ಚಾಚಿ ಕುಳಿತು ನಾನು ಯೋಚಿಸಿದ್ದು ಮಾತ್ರ ಇನ್ನೊಂದು ದಂಡಿನ ಬಗ್ಗೆ, ಕಡತಗಳ ದಂಡು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಫಜಲ್ ಅಲಿ ಆಯೋಗ ಮಾಡಿದ ಶಿಫಾರಸು ಅದು. ತಾಲೂಕನ್ನು ಇಡಿಯಾಗಿ ಎತ್ತಿ ಕೊಟ್ಟದ್ದರಿಂದ ಹೊಳೆಯ ಬಡಗಣ ಕನ್ನಡ, ತುಳು ಊರುಗಳೂ ಜೊತೆಗೆ ಹೋದವು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನುದ್ದಕ್ಕೂ ಇದರ ವಿರುದ್ಧ ದನಿಯೆತ್ತಿದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ–ಪಯಸ್ವಿನಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದಿತು. ನಾಯರ್ ಹೆಂಗಸರ ಕಟ್ಟಳೆ ಹೇಳಿದ್ದನ್ನೇ ಆಯೋಗವೂ ಹೇಳಿದಂತಾಯಿತು. ವರದಿ ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಜಿಲ್ಲೆಯಾಯಿತು.

ಹೊಳೆಯನ್ನೇ ಎಲ್ಲೆಯೆಂದು ನಂಬುವವರಿಗೂ ಒಂದು ತೊಡಕಿದೆ. ಅದರ ಉಪನದಿ ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ನಮ್ಮ ಸುಳ್ಯದ ಪೇಟೆಯ ಬದಿಯಲ್ಲೇ ಹರಿದು ಬರುತ್ತದೆ. ಸುಳ್ಯದಲ್ಲಿ ಬಟ್ಟೆ ಒಗೆದ ನೀರೇ ಇಲ್ಲಿ ‘ಎಲ್ಲೆ’.

ಕಾಸರಗೋಡು ದಾಟಿದರೆ ನೆಲದ ಚಹರೆ ಬದಲಾಗುತ್ತದೆ. ಕಡಲ ಬದಿಯ ತೆಂಗು ಹಿಂದೆ ಸರಿದು ಒಳಗಡೆ ಪದವುಗಳು ಶುರು. ಮೈಲಿಗಟ್ಟಲೆ ಬೋಳು ಮುರಕಲ್ಲಿನ ಚಪ್ಪಟೆ ಬಯಲು, ಬೇಸಗೆಯಲ್ಲಿ ಕಾವಲಿಯಂತೆ ಕಾಯುತ್ತದೆ. ಮಳೆ ಬಿದ್ದ ಕೂಡಲೇ ಅಲ್ಲಲ್ಲಿ ಪಳ್ಳಗಳು ತುಂಬಿ, ಕಲ್ಲಿನ ಬಿರುಕಿನಿಂದ ಹುಲ್ಲು, ನೀಲಿ ಹೂಗಳು ಏಳುತ್ತವೆ. ಈ ಕಲ್ಲು ನೀರನ್ನು ಒಳಗೂ ಇಳಿಸಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಬಾಯಾರು, ಪಡ್ರೆಯ ಕೃಷಿಕರೂ ಗಡಿಯ ಈಚಿನ ಮಾಣಿಲದವರೂ ಬಾವಿಯನ್ನು ಕೆಳಗೆ ತೋಡುವ ಬದಲು ಗುಡ್ಡೆಗೆ ಅಡ್ಡಲಾಗಿ ಕೊರೆದರು. ಒಬ್ಬ ಆಳು ನಿಂತು ಹೋಗುವಷ್ಟೇ ಅಗಲದ ಸುರಂಗ, ಕೊನೆಯಲ್ಲಿ ತೊಟ್ಟಿಕ್ಕುವ ನೀರು. ಇದೇ ಗುಡ್ಡೆಗಳ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಮರೆತು ಪದವಿನ ಚೆಲುವನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಆ ನೀರನ್ನು ಕುಡಿದವರು ಇಲ್ಲಿದ್ದಾರೆ.

ಪದವಿನ ಮೇಲೇ ಅನಂತಪುರ. ಮುರಕಲ್ಲನ್ನು ಚೌಕಾಕಾರ ಕಡಿದ ಕೆರೆಯ ನಡುವೆ ಗುಡಿ, ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನವೆಂದು ನಂಬಿಕೆ. ನೈವೇದ್ಯದ ಅನ್ನ ತಿನ್ನುತ್ತಿತ್ತೆನ್ನುವ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ಸತ್ತಾಗ ಜಿಲ್ಲೆಯ ರಾಜಕಾರಣಿಗಳೂ ಬಂದು ಕೈಮುಗಿದರು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಎಲ್ಲಿಂದ ಬಂತೆಂದು ಅರ್ಚಕರನ್ನು ಕೇಳಿದೆ. “ಮೊದಲಿನದು ಎಲ್ಲಿಂದ ಬಂತೆಂದು ಗೊತ್ತಿದ್ದರಲ್ಲವೇ?” ಎಂದರು.

ಕುಂಬಳೆಯಲ್ಲಿ ಯಕ್ಷಗಾನದ ಪಾರ್ತಿಸುಬ್ಬನ ಹೆಸರು ಹೇಳಿ, ಹೆದ್ದಾರಿಯ ಬದಿಯ ಆರಿಕ್ಕಾಡಿ ಕೋಟೆಯನ್ನು ಕಿಟಕಿಯಿಂದ ನೋಡಿ ಮುಂದೆ ಬಂದೆ. ಮಂಜೇಶ್ವರದಲ್ಲಿ ಇಳಿಯದೆ ಇರಲಾಗುವುದಿಲ್ಲ. ಗೋವಿಂದ ಪೈಗಳ ಮನೆ ಈಗ ‘ಗಿಳಿವಿಂಡು’ ಎಂಬ ಸ್ಮಾರಕ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಪದವಿ ಕೊಟ್ಟದ್ದು ಮದ್ರಾಸ್ ಸರ್ಕಾರ. ಕನ್ನಡದ ಮೊದಲ ರಾಷ್ಟ್ರಕವಿ 1963ರಲ್ಲಿ ತೀರಿಕೊಳ್ಳುವಾಗ ಊರು ಕೇರಳದಲ್ಲಿತ್ತು. ಅವರು ಮಾತ್ರ ಊರು ಬಿಟ್ಟು ಕದಲಿರಲಿಲ್ಲ.

ಅಲ್ಲಿಂದ ತಲಪಾಡಿಗೆ ಬಸ್ಸಿನಲ್ಲಿ ಕೆಲವೇ ನಿಮಿಷ. ಹೊಳೆಯಿಲ್ಲ, ಗುಡ್ಡೆಯಿಲ್ಲ, ಕೋಟೆಯಿಲ್ಲ. ಎರಡು ರಾಜ್ಯಗಳ ಸ್ವಾಗತದ ಬೋರ್ಡು, ಟೋಲ್‌ಗೇಟು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಗಡಿಯ ರಸ್ತೆಗಳಿಗೆ ನಮ್ಮ ಕಡೆಯವರು ಮಣ್ಣು ಸುರಿದು ಗುಪ್ಪೆ ಹಾಕಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶಿವಪ್ಪ ನಾಯಕನಿಂದ ಟಿಪ್ಪುವಿನವರೆಗೆ ಎಲ್ಲರೂ ಕಲ್ಲಿನಲ್ಲಿ ಕಾವಲು ಕಟ್ಟಿದ ದಾರಿಯಲ್ಲಿ ಕೊನೆಗೆ ಕಟ್ಟಿದ್ದು ಮಣ್ಣಿನದು, ಅದೂ ನಮ್ಮವರ ವಿರುದ್ಧವೇ. ನನಗೆ ಇದು ಇಡೀ ದಾರಿಯ ಅತ್ಯಂತ ನಾಚಿಕೆಗೇಡಿನ ಕೋಟೆ.

ಹೋಗುವವರಿಗೆ ಒಂದು ಮಾತು. ಬೇಕಲಕ್ಕೆ ಅರ್ಧ ದಿನ ಕೊಡುವವರು ಚಂದ್ರಗಿರಿ ಕೋಟೆಗೆ ಒಂದು ಗಂಟೆಯನ್ನಾದರೂ ಉಳಿಸಿಕೊಳ್ಳಿ, ಅದೂ ಹೊತ್ತು ಇಳಿಯುವಾಗ. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲು ಜಾರುತ್ತದೆ, ಜೋಕೆ. ಕುಡಿಯುವ ನೀರು ಜೊತೆಗಿರಲಿ. ನಾನು ಹೋದ ದಿನ ಅಲ್ಲಿ ಒಂದು ಗೂಡಂಗಡಿಯೂ ತೆರೆದಿರಲಿಲ್ಲ.