ಎನ್‌ಎಡಿ ತಯಾರಿಸುವ ಕಿಣ್ವ

ಚಳ್ಳಕೆರೆಯಿಂದ ಬಳ್ಳಾರಿಯ ಕಡೆ ಹೊರಟರೆ ದಾರಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ ಸಿಗುತ್ತದೆ. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಶೇಂಗಾ ಮುಖ್ಯ ಬೆಳೆ. ಜೋಳದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ ಇಲ್ಲಿ ಎಲ್ಲರಿಗೂ ಪರಿಚಿತ ಊಟ. ನಾಲಿಗೆಗೆ ಹಿಡಿಸುವ ಈ ಜೋಡಿಗೂ ನಮ್ಮ ಜೀವಕೋಶದೊಳಗಿನ ಒಂದು ಕಿಣ್ವಕ್ಕೂ ಹತ್ತಿರದ ನಂಟಿದೆ. ಆ ಕಿಣ್ವದ ಪೂರ್ಣ ಹೆಸರು ನಿಕೋಟಿನಮೈಡ್ ಮಾನೋನ್ಯೂಕ್ಲಿಯೋಟೈಡ್ ಅಡೆನೈಲಿಲ್ ಟ್ರಾನ್ಸ್‌ಫರೇಸ್. ಚಿಕ್ಕದಾಗಿ ಎನ್‌ಎಂಎನ್‌ಎಟಿ. ಎನ್‌ಎಡಿ ಎಂಬ ಸಹಕಿಣ್ವವನ್ನು ತಯಾರಿಸುವುದು ಇದರ ಕೆಲಸ.

ಸಹಕಿಣ್ವ ಏಕೆ ಬೇಕು?

ಕಿಣ್ವಗಳು ಪ್ರೋಟೀನುಗಳು. ಅವುಗಳಲ್ಲಿ ಅನೇಕವು ಒಂಟಿಯಾಗಿ ಕೆಲಸ ಮಾಡಲಾರವು; ಒಂದು ಸಣ್ಣ ಅಣುವಿನ ನೆರವು ಬೇಕು. ಈ ನೆರವಿನ ಅಣುವೇ ಸಹಕಿಣ್ವ. 1906ರಲ್ಲಿ ಇಂಗ್ಲೆಂಡಿನ ಆರ್ಥರ್ ಹಾರ್ಡೆನ್ ಮತ್ತು ವಿಲಿಯಂ ಯಂಗ್ ಯೀಸ್ಟ್ ರಸದಲ್ಲಿ ಇಂಥ ನೆರವಿನ ವಸ್ತುವೊಂದು ಇರುವುದನ್ನು ಕಂಡುಕೊಂಡರು. ಅದರಲ್ಲಿದ್ದ ಮುಖ್ಯ ಅಣು ಎನ್‌ಎಡಿ ಎಂದು ಮುಂದೆ ತಿಳಿದುಬಂತು.

ಎನ್‌ಎಡಿಯನ್ನು ಹೊಲದಿಂದ ಕಣಕ್ಕೆ ತೆನೆ ಸಾಗಿಸುವ ಗಾಡಿಗೆ ಹೋಲಿಸಬಹುದು. ಗ್ಲೂಕೋಸ್ ಒಡೆಯುವಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳನ್ನು ಹೇರಿಕೊಂಡು ಅದು ಮುಂದಿನ ಕ್ರಿಯೆಗೆ ಒಪ್ಪಿಸುತ್ತದೆ; ಬರಿದಾಗಿ ಮತ್ತೆ ಹೇರಿಗೆ ಬರುತ್ತದೆ. ಹಾಗಾದರೆ ಇದ್ದ ಗಾಡಿಗಳೇ ಸಾಕಲ್ಲವೆ? ಸಾಲವು. ಡಿಎನ್‌ಎ ದುರಸ್ತಿಯಲ್ಲಿ ತೊಡಗುವ ಪಾರ್ಪ್ ಮತ್ತು ಸರ್ಟುಯಿನ್‌ಗಳೆಂಬ ಕಿಣ್ವಗಳು ಎನ್‌ಎಡಿಯನ್ನು ಮುರಿದೇ ಬಳಸುತ್ತವೆ. ಗಾಡಿಯ ಮರವನ್ನೇ ಬೇರೆ ಕೆಲಸಕ್ಕೆ ತೆಗೆದುಕೊಂಡಂತೆ ಇದು. ಆದ್ದರಿಂದ ಹೊಸ ಗಾಡಿಗಳನ್ನು ಸದಾ ಕಟ್ಟುತ್ತಲೇ ಇರಬೇಕು.

ಎರಡು ಅರ್ಧಗಳ ಬೆಸುಗೆ

ಎನ್‌ಎಡಿಯಲ್ಲಿ ಎರಡು ಭಾಗಗಳಿವೆ. ಒಂದು ನಿಕೋಟಿನಮೈಡ್ ಇರುವ ಭಾಗ. ಇದು ಎನ್‌ಎಂಎನ್ ಎಂಬ ಅಣುವಿನಿಂದ ಬರುತ್ತದೆ. ಇನ್ನೊಂದು ಅಡೆನಿನ್ ಇರುವ ಭಾಗ. ಇದನ್ನು ಎಟಿಪಿ ಒದಗಿಸುತ್ತದೆ. ಎನ್‌ಎಂಎನ್‌ಎಟಿ ಇವೆರಡನ್ನೂ ತನ್ನ ಕುಳಿಯಲ್ಲಿ ಎದುರುಬದುರಾಗಿ ಹಿಡಿದಿಡುತ್ತದೆ. ಎನ್‌ಎಂಎನ್‌ನ ಫಾಸ್ಫೇಟು ಎಟಿಪಿಯ ಒಳ ಫಾಸ್ಫೇಟಿಗೆ ಬೆಸೆದುಕೊಳ್ಳುತ್ತದೆ. ಎಟಿಪಿಯ ಉಳಿದ ಎರಡು ಫಾಸ್ಫೇಟುಗಳು ಪೈರೋಫಾಸ್ಫೇಟ್ ಆಗಿ ಹೊರಬೀಳುತ್ತವೆ. ಈ ಕ್ರಿಯೆಗೆ ಮೆಗ್ನೀಷಿಯಂ ಅಯಾನು ಬೇಕು. ಕ್ರಿಯೆ ಹಿಂದಕ್ಕೂ ನಡೆಯಬಲ್ಲದು. ಆದರೆ ಹೊರಬಿದ್ದ ಪೈರೋಫಾಸ್ಫೇಟನ್ನು ಕೋಶದ ಮತ್ತೊಂದು ಕಿಣ್ವ ಕೂಡಲೇ ಒಡೆಯುವುದರಿಂದ ಅದು ಮುಂದಕ್ಕೇ ಸಾಗುತ್ತದೆ.

ಈ ಕ್ರಿಯೆಯನ್ನು 1940ರ ದಶಕದ ಕೊನೆಯಲ್ಲಿ ಗುರುತಿಸಿದವರು ಅಮೆರಿಕದ ಆರ್ಥರ್ ಕೋರ್ನ್‌ಬರ್ಗ್. ಮುಂದೆ ಅವರು ಡಿಎನ್‌ಎ ಕಟ್ಟುವ ಕಿಣ್ವವನ್ನು ಶೋಧಿಸಿ 1959ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಡಿಎನ್‌ಎ ಬೆಳೆಯುವಾಗಲೂ ಪೈರೋಫಾಸ್ಫೇಟ್ ಹೊರಬೀಳುತ್ತದೆ ಎಂಬುದು ಗಮನಾರ್ಹ.

ರಚನೆ ಹೇಗಿದೆ?

ಮಾನವನಲ್ಲಿ ಈ ಕಿಣ್ವದ ಮೂರು ಬಗೆಗಳಿವೆ. ಮೊದಲನೆಯದು ಕೋಶಕೇಂದ್ರದಲ್ಲಿದೆ. ಎರಡನೆಯದು ಗಾಲ್ಜಿ ಪೊರೆಗಳ ಬಳಿ ಮತ್ತು ನರತಂತುಗಳಲ್ಲಿ, ಮೂರನೆಯದು ಮೈಟೊಕಾಂಡ್ರಿಯದಲ್ಲಿ ಕಂಡುಬರುತ್ತವೆ. ಮೊದಲನೆಯದರ ಹರಳುಗಳಿಗೆ ಎಕ್ಸ್-ಕಿರಣ ಹಾಯಿಸಿ, 2002ರಲ್ಲಿ ಅದರ ರಚನೆಯನ್ನು ಬಿಡಿಸಲಾಯಿತು. ಇದರ ಪ್ರತಿ ಸರಪಳಿಯಲ್ಲಿ 279 ಅಮೈನೊ ಆಮ್ಲಗಳಿವೆ. ಅಂಥ ಆರು ಸರಪಳಿಗಳು ಕೂಡಿ ಒಂದು ಘಟಕವಾಗುತ್ತವೆ. ಸರಪಳಿಯ ನಡುವೆ ಹಾಳೆಯಂತೆ ಹರಡಿದ ಎಳೆಗಳು, ಎರಡೂ ಬದಿಗೆ ಸುರುಳಿಗಳು. ಈ ಬಗೆಯ ಮಡಿಕೆಗೆ ರಾಸ್‌ಮನ್ ಮಡಿಕೆ ಎಂದು ಹೆಸರು. ಕುಳಿಯಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಗಳು ಎಟಿಪಿಯ ಫಾಸ್ಫೇಟುಗಳನ್ನು ಹಿಡಿದು ನಿಲ್ಲಿಸುತ್ತವೆ.

ಕಿಣ್ವ ಕೆಟ್ಟರೆ

ಮೊದಲ ಬಗೆಯ ಕಿಣ್ವದ ಜೀನ್ ದೋಷಗೊಂಡರೆ ಮಗುವಿಗೆ ಹುಟ್ಟಿನಿಂದಲೇ ತೀವ್ರ ದೃಷ್ಟಿದೋಷ ಬರಬಹುದು. ಲೆಬರ್ ಜನ್ಮಜಾತ ಅಂಧತ್ವದ ಒಂದು ಬಗೆಗೆ ಇದೇ ಕಾರಣ ಎಂದು 2012ರಲ್ಲಿ ಗೊತ್ತಾಯಿತು. ಅಕ್ಷಿಪಟಲದ ಬೆಳಕುಗ್ರಾಹಿ ಕೋಶಗಳು ಬಹಳ ಶಕ್ತಿ ಬಳಸುವಂಥವು. ಪೆಟ್ಟು ಅವುಗಳಿಗೇ ಬೀಳುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ನಂಟರೊಳಗೆ ಮದುವೆಯಾದಾಗ ಇಂಥ ರೋಗಗಳ ಸಾಧ್ಯತೆ ಹೆಚ್ಚುವುದಕ್ಕೆ ಕಾರಣ ಇದೇ.

ಕಚ್ಚಾವಸ್ತು ಕೊರತೆಯಾದರೆ

ಕಿಣ್ವ ಸರಿಯಾಗಿದ್ದರೂ ಸಾಲದು, ಕಚ್ಚಾವಸ್ತು ಬೇಕು. ಅದು ಆಹಾರದ ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ತ್ವದಿಂದ ಬರುತ್ತದೆ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದಲೂ ದೇಹ ಅದನ್ನು ಮಾಡಿಕೊಳ್ಳುತ್ತದೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್ 1 ಮಿಲಿಗ್ರಾಂ ನಿಯಾಸಿನ್‌ಗೆ ಸಮ. ಎರಡೂ ಕೊರತೆಯಾದರೆ ಬರುವ ರೋಗ ಪೆಲ್ಲಾಗ್ರ. ಬಿಸಿಲು ತಾಗುವ ಕೈ, ಪಾದ, ಕತ್ತಿನ ಚರ್ಮ ಕಪ್ಪಾಗಿ ಸುಲಿಯುತ್ತದೆ. ಭೇದಿ, ಮರೆವು, ಗೊಂದಲ ಕಾಡುತ್ತವೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು.

ಪೆಲ್ಲಾಗ್ರ ಮೆಕ್ಕೆಜೋಳ ತಿನ್ನುವವರ ರೋಗವೆಂದೇ ಹೆಸರಾಗಿತ್ತು. ಆದರೆ ದಖ್ಖನ್ನಿನಲ್ಲಿ ಬಿಳಿಜೋಳವನ್ನೇ ನಂಬಿದ ಬಡವರಲ್ಲೂ ಅದು ಕಾಣಿಸಿತು. ಬಿಳಿಜೋಳದಲ್ಲಿ ನಿಯಾಸಿನ್ ತೀರಾ ಕಡಿಮೆಯೇನೂ ಇಲ್ಲ. ಹಾಗಾದರೆ ಕಾರಣವೇನು? ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಕಾರಣವಿರಬಹುದೆಂದು ಹೈದರಾಬಾದಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಸೂಚಿಸಿದರು. ಟ್ರಿಪ್ಟೊಫಾನ್‌ನಿಂದ ಎನ್‌ಎಡಿಯ ಕಡೆಗೆ ಹೋಗುವ ದಾರಿಗೆ ಲ್ಯೂಸಿನ್ ಅಡ್ಡಿಯಾಗುತ್ತದೆ ಎಂಬುದು ಅವರ ಹಾಗೂ ಅನಂತರದವರ ವಾದ. ಇದರ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಒಂದೇ ಧಾನ್ಯವನ್ನು ನೆಚ್ಚಿದ ಊಟ ಅಪಾಯ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಇಲ್ಲಿ ಶೇಂಗಾದ ಬೆಲೆ ತಿಳಿಯುತ್ತದೆ. ವಯಸ್ಕರಿಗೆ ದಿನಕ್ಕೆ ಹೆಚ್ಚುಕಡಿಮೆ 15 ಮಿಲಿಗ್ರಾಂ ನಿಯಾಸಿನ್ ಬೇಕು. 100 ಗ್ರಾಂ ಶೇಂಗಾಬೀಜದಲ್ಲಿ ಸುಮಾರು 12 ಮಿಲಿಗ್ರಾಂ ಇರುತ್ತದೆ. ಬೆಳೆದ ಶೇಂಗಾವನ್ನೆಲ್ಲ ಮಾರಿ ಬರಿಯ ರೊಟ್ಟಿ, ಖಾರದಲ್ಲಿ ದಿನ ನೂಕುವ ಮನೆಯಲ್ಲಿ ಈ ಲಾಭ ಇರುವುದಿಲ್ಲ. ಹೆಚ್ಚು ಮದ್ಯ ಸೇವಿಸಿ ಊಟ ಬಿಡುವವರಲ್ಲಿ ಇಂದಿಗೂ ಪೆಲ್ಲಾಗ್ರ ಕಂಡುಬರುತ್ತದೆ. ಕ್ಷಯಕ್ಕೆ ಐಸೋನಿಯಾಜಿಡ್ ಔಷಧಿ ತೆಗೆದುಕೊಳ್ಳುವವರಲ್ಲಿ ಬಿ6 ಜೀವಸತ್ತ್ವ ಕುಂದಿ, ಟ್ರಿಪ್ಟೊಫಾನ್ ದಾರಿ ಮಂದವಾಗಬಹುದು. ಅಂಥವರು ಔಷಧಿ ನಿಲ್ಲಿಸದೆ ವೈದ್ಯರ ಸಲಹೆ ಕೇಳಬೇಕು. ಬಿಸಿಲು ಬಿದ್ದಲ್ಲಿ ಮಾತ್ರ ಚರ್ಮ ಕಪ್ಪಾಗಿ ಸುಲಿದರೆ ಅದನ್ನು ಬರಿಯ ಚರ್ಮರೋಗವೆಂದು ಬಿಡಬಾರದು. ಸಕಾಲದಲ್ಲಿ ಗುರುತಿಸಿದರೆ ನಿಕೋಟಿನಮೈಡ್ ಮಾತ್ರೆಯಿಂದ ಕೆಲವೇ ದಿನಗಳಲ್ಲಿ ಚೇತರಿಕೆ ಕಾಣುತ್ತದೆ. ಕಚ್ಚಾವಸ್ತು ದೊರೆತೊಡನೆ ಕಿಣ್ವ ತನ್ನ ಕೆಲಸಕ್ಕೆ ಮರಳುತ್ತದೆ.