ಗಾಡಿಗೆ ಹಾಕೋ ಆಯಿಲ್, ಫಿಲ್ಟರ್, ಡಿಇಎಫ್: ನಂಬೋದು ಯಾವುದನ್ನ?

ಈ ವಾರ ಬೆಳೆ ಬಿಟ್ಟು ಗಾಡಿ ಕಡೆ ಹೋಗೋಣ. ಬೀಜ ತಗೊಳ್ಳುವಾಗ ನಾವು ಲಾಟ್ ನಂಬರ್ ನೋಡ್ತೀವಿ, ಮೊಳಕೆ ಪ್ರಮಾಣ ನೋಡ್ತೀವಿ, ಬಿಲ್ ಕೇಳ್ತೀವಿ. ಜೈವಿಕ ಕೀಟನಾಶಕದ ಬಾಟಲಿ ಕೈಗೆ ಬಂದರೆ ಹಿಂದೆ ಮುಂದೆ ತಿರುಗಿಸಿ ಓದ್ತೀವಿ. ಆದರೆ ಲಕ್ಷಗಟ್ಟಲೆ ಸಾಲ ಮಾಡಿ ತಂದ ಪಿಕಪ್ಪಿಗೆ ಆಯಿಲ್ ಬದಲಿಸುವ ದಿನ ಬಹಳ ಜನ ಮೆಕ್ಯಾನಿಕ್‌ಗೆ "ಯಾವುದಾದ್ರೂ ಒಳ್ಳೇದು ಹಾಕಣ್ಣ" ಅಂತ ಹೇಳಿ ಟೀ ಅಂಗಡಿಗೆ ಹೋಗಿಬಿಡ್ತಾರೆ.

ನನಗೆ ಬರೋ ಪ್ರಶ್ನೆಯೂ ಹಾಗೇ ಇರುತ್ತೆ: "ಸಾರ್, ಯಾವ ಕಂಪನಿ ಆಯಿಲ್ ಹಾಕಿಸಲಿ?" ಕಂಪನಿ ಹೆಸರು ಕೊನೆಯ ಪ್ರಶ್ನೆ. ಮೊದಲನೇದು, ನಿಮ್ಮ ಗಾಡಿ ಕೇಳ್ತಿರೋದು ಏನು? ಎರಡನೇದು, ಡಬ್ಬಿ ಮೇಲೆ ಅದೇ ಬರೆದಿದೆಯಾ? ಮೂರನೇದು, ಆ ಡಬ್ಬಿ ಯಾರ ಕೈಯಿಂದ ಬಂತು? ಹೆಸರುವಾಸಿ ಕಂಪನಿಯದೇ ಆದರೂ ತಪ್ಪು ದರ್ಜೆಯ ಆಯಿಲ್ ಎಂಜಿನ್ನಿಗೆ ಪ್ರಯೋಜನ ಇಲ್ಲ. ಸರಿಯಾದ ದರ್ಜೆ ಬರೆದಿರೋ ನಕಲಿ ಡಬ್ಬಿಯೂ ಅಷ್ಟೇ.

ಯೂರಿಯಾ ಮೂಟೆಯಿಂದ ಡಿಇಎಫ್ ಆಗಲ್ಲ

ಮೊದಲು ಡಿಇಎಫ್ ವಿಷಯ, ಯಾಕಂದ್ರೆ ರೈತರು ಸುಲಭವಾಗಿ ಮೋಸ ಹೋಗೋದು ಇಲ್ಲೇ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಬಹಳಷ್ಟು ಡೀಸೆಲ್ ಲಾರಿಗಳಿಗೆ ಡೀಸೆಲ್ ಟ್ಯಾಂಕ್ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕ್ ಇರುತ್ತೆ. ಎಲ್ಲ ಪಿಕಪ್‌ಗಳಲ್ಲೂ ಇರಲ್ಲ, ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ. ಅದರೊಳಗಿನ ದ್ರವ ಬಿಸಿ ಹೊಗೆಗೆ ಸಿಂಪಡಣೆಯಾಗಿ ಅಮೋನಿಯಾ ಆಗುತ್ತೆ. ಆ ಅಮೋನಿಯಾ ಸೈಲೆನ್ಸರ್ ಸಾಲಿನಲ್ಲಿರೋ ಕ್ಯಾಟಲಿಸ್ಟ್ ಮೇಲೆ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಸೇರಿ ಅವನ್ನ ಬರೀ ನೈಟ್ರೋಜನ್ ಮತ್ತು ನೀರಾವಿ ಮಾಡುತ್ತೆ.

ಡಿಇಎಫ್ ಅಂದರೆ ಶೇ 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಇಷ್ಟು ಗೊತ್ತಾದ ಕೂಡಲೇ "ಅಯ್ಯೋ, ಯೂರಿಯಾ ಮನೇಲೇ ಇದೆಯಲ್ಲ" ಅನ್ನಿಸೋದು ಸಹಜ. ಇಲ್ಲೇ ತಡೀಬೇಕು. 2015ರಿಂದ ನಮಗೆ ಸಿಗೋ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಇದೆ. ಮಣ್ಣಿನಲ್ಲಿ ಸಾರಜನಕ ನಿಧಾನವಾಗಿ ಬಿಡಲಿ ಅಂತ ಹಾಕಿರೋದು ಅದು. ಕೂದಲೆಳೆಯಷ್ಟು ಸಣ್ಣ ತೂತಿನ ನಾಜಲ್‌ಗೆ, ಕ್ಯಾಟಲಿಸ್ಟ್‌ಗೆ ಆ ಎಣ್ಣೆ ಕಸವೇ. ಬೈಯುರೆಟ್ ಲೆಕ್ಕವನ್ನೂ ನೋಡಿ. ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಶೇ 1.5ರ ತನಕ ಇರಬಹುದು ಅಂತ ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತೆ. ಆ ಮಿತಿಯಲ್ಲಿರೋ ಯೂರಿಯಾವನ್ನ ಶೇ 32.5ಕ್ಕೆ ಕರಗಿಸಿದರೆ ದ್ರಾವಣದಲ್ಲಿ ಹತ್ತಿರ ಹತ್ತಿರ ಶೇ 0.5 ಬೈಯುರೆಟ್ ಆಗುತ್ತೆ. ಡಿಇಎಫ್‌ನ ಮಾನದಂಡವಾದ ಐಎಸ್‌ಒ 22241 ಬಿಡೋದು ಶೇ 0.3 ಮಾತ್ರ. ಇದರ ಮೇಲೆ ನಮ್ಮ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಬೇರೆ. ಆ ಮಾನದಂಡದಲ್ಲಿ ಕ್ಯಾಲ್ಸಿಯಂ ಮಿತಿ ಕಿಲೋಗೆ ಅರ್ಧ ಮಿಲಿಗ್ರಾಂ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರು ಅದರ ಹತ್ತಿರಕ್ಕೂ ಬರಲ್ಲ. ಸಬ್ಸಿಡಿ ಯೂರಿಯಾವನ್ನ ಬೇಸಾಯ ಬಿಟ್ಟು ಬೇರೆಯದಕ್ಕೆ ಬಳಸೋದು ಕಾನೂನು ಪ್ರಕಾರ ಅಪರಾಧ ಅನ್ನೋದೂ ನೆನಪಿರಲಿ.

ಪರಿಚಯದ ಬೆಳೆಗಾರರೊಬ್ಬರು ರಸ್ತೆ ಬದಿ ಲೇಬಲ್ ಇಲ್ಲದ ಕ್ಯಾನಿನಲ್ಲಿ ಅಗ್ಗದ ಡಿಇಎಫ್ ಹಾಕಿಸಿಕೊಂಡಿದ್ದರು. ಟೊಮೆಟೊ ತುಂಬಿಕೊಂಡು ಹೊರಟ ರಾತ್ರಿ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಹತ್ತಿಕೊಳ್ತು. ಬಿಎಸ್6 ಲಾರಿಗಳು ಇಂಥ ಸಂದರ್ಭದಲ್ಲಿ ತಾವೇ ಶಕ್ತಿ ಇಳಿಸಿಕೊಳ್ಳುತ್ತವೆ. ದಿಬ್ಬ ಹತ್ತೋಕಾಗದೆ ನಿಂತ ಲಾರಿಯಲ್ಲಿದ್ದ ಮಾಲು ಬೆಳಗಿನ ಹರಾಜು ಮುಗಿದ ಮೇಲೆ ಮಂಡಿ ಸೇರ್ತು. ನಾಜಲ್, ಪಂಪ್ ರಿಪೇರಿ ಬಿಲ್ ಆಮೇಲಿನ ಕಥೆ.

ಹಣ್ಣಿನ ಸಿಹಿ ಅಳೆಯೋ ಬ್ರಿಕ್ಸ್ ಮೀಟರ್ ನಿಮ್ಮ ಹತ್ರ ಇದ್ದರೆ ಒಂದು ಉಪಾಯ ಇದೆ. ಸರಿಯಾದ ಡಿಇಎಫ್‌ನ ಒಂದು ಹನಿ ಅದರಲ್ಲಿ ಸುಮಾರು 30ರಿಂದ 32ರ ನಡುವೆ ತೋರಿಸುತ್ತೆ. 20 ಅಂತ ತೋರಿಸಿದರೆ ನೀರು ಬೆರೆಸಿದ್ದಾರೆ ಅಂತ ಖಚಿತ. ಆದರೆ 31 ತೋರಿಸಿತು ಅಂತ ಶುದ್ಧ ಅಂದುಕೊಳ್ಳಬೇಡಿ. ಮೀಟರ್ ಹೇಳೋದು ಎಷ್ಟು ಕರಗಿದೆ ಅನ್ನೋದನ್ನ, ಏನು ಕರಗಿದೆ ಅನ್ನೋದನ್ನಲ್ಲ. ಆದ್ದರಿಂದ ಸೀಲ್ ಇರೋ, ಐಎಸ್‌ಒ 22241 ಮತ್ತು ತಯಾರಿಕೆ ದಿನಾಂಕ ಬರೆದಿರೋ ಕ್ಯಾನನ್ನೇ ತಗೊಳ್ಳಿ. ತಗಡಿನ ಪಂಪ್‌ಹೌಸ್‌ನಲ್ಲಿ ಇಡಬೇಡಿ, 30 ಡಿಗ್ರಿ ದಾಟಿದ ಜಾಗದಲ್ಲಿ ಅದರ ಆಯಸ್ಸು ಕಡಿಮೆಯಾಗುತ್ತೆ. ಡೀಸೆಲ್ ಅಥವಾ ಔಷಧಿ ಸುರಿದ ಆಲಿಕೆಯನ್ನ ಇದಕ್ಕೆ ಬಳಸಲೇಬೇಡಿ.

ಎಂಜಿನ್ ಆಯಿಲ್: ಡಬ್ಬಿ ಓದೋದು ಕಲಿಯಿರಿ

ಗಾಡಿಯ ಜೊತೆ ಬಂದ ಮ್ಯಾನ್ಯುಯಲ್ ಪುಸ್ತಕದಲ್ಲಿ ಆಯಿಲ್ ಬಗ್ಗೆ ಒಂದು ಪುಟ ಇರುತ್ತೆ. ಅದರ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಪುಸ್ತಕ ಕಳೆದುಹೋಗಿದ್ದರೆ ತಯಾರಕರ ವೆಬ್‌ಸೈಟ್‌ನಲ್ಲಿ ಹುಡುಕಿ, ಇಲ್ಲಾ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಆ ಪುಟದಲ್ಲಿ ಎರಡು ಸಂಗತಿ ಇರುತ್ತೆ.

ಒಂದು, 15ಡಬ್ಲ್ಯು-40 ಅಥವಾ 5ಡಬ್ಲ್ಯು-30 ಥರದ ಅಂಕಿ. ಡಬ್ಲ್ಯು ಪಕ್ಕದ್ದು ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ, ಕೊನೆಯದು ಎಂಜಿನ್ ಬಿಸಿಯಾದ ಮೇಲೆ ಎಷ್ಟು ಗಟ್ಟಿ ಉಳಿಯುತ್ತೆ ಅನ್ನೋದಕ್ಕೆ. "ನಮ್ಮ ಕಡೆ ಬಿಸಿಲು ಜಾಸ್ತಿ, ಗಟ್ಟಿ ಆಯಿಲ್ ಹಾಕೋಣ" ಅನ್ನೋ ಮೇಸ್ತ್ರಿ ಸಲಹೆಯನ್ನ ಹೊಸ ಎಂಜಿನ್ನಿಗೆ ಒಪ್ಪಬೇಡಿ. ತೆಳು ಆಯಿಲ್‌ಗೆ ಅಂತಲೇ ಸಂದು ಬಿಟ್ಟು ಮಾಡಿದ ಎಂಜಿನ್ ಅದು.

ಎರಡು, ಎಪಿಐ ದರ್ಜೆ. ಇಂಗ್ಲಿಷಿನ ಸಿ ಅಕ್ಷರದಿಂದ ಶುರುವಾದರೆ ಡೀಸೆಲ್‌ಗೆ, ಎಸ್‌ನಿಂದ ಶುರುವಾದರೆ ಪೆಟ್ರೋಲ್‌ಗೆ. ಸಿಎಚ್-4, ಸಿಐ-4, ಸಿಜೆ-4, ಸಿಕೆ-4 ಹೀಗೆ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ನಿಮ್ಮ ಗಾಡಿಗೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇದ್ದರೆ ಈ ಅಕ್ಷರ ಬಹಳ ಮುಖ್ಯ. ಮಸಿ ಸುಟ್ಟುಹೋಗುತ್ತೆ, ಆಯಿಲ್‌ನಲ್ಲಿರೋ ಲೋಹದ ಅಂಶದಿಂದ ಬರೋ ಬೂದಿ ಸುಡಲ್ಲ, ಅಲ್ಲೇ ಕೂತು ಡಿಪಿಎಫ್ ಕಟ್ಟಿಸುತ್ತೆ. ಅದಕ್ಕೇ ಸಿಜೆ-4, ಸಿಕೆ-4 ದರ್ಜೆಗಳಲ್ಲಿ ಬೂದಿಯ ಅಂಶಕ್ಕೆ ಶೇ 1ರ ಮಿತಿ ಇದೆ. ಹಳೇ ಟ್ರ್ಯಾಕ್ಟರ್‌ಗೆ ತಂದ ಬಕೆಟ್‌ನಲ್ಲಿ ಉಳಿದ ಆಯಿಲನ್ನ ಬಿಎಸ್6 ಪಿಕಪ್‌ಗೆ ಸುರಿಯೋದು ಇದೇ ಕಾರಣಕ್ಕೆ ದುಬಾರಿ ಉಳಿತಾಯ.

ನಕಲಿ ಗುರುತಿಸೋಕೆ ಬಣ್ಣ, ವಾಸನೆ, ಬೆರಳಲ್ಲಿ ಉಜ್ಜೋದು, ಇದ್ಯಾವುದನ್ನೂ ನೆಚ್ಚಿಕೊಳ್ಳಬೇಡಿ. "ಹಾಕಿ ವಾರಕ್ಕೇ ಕಪ್ಪಾಯ್ತು, ಡುಪ್ಲಿಕೇಟೇ" ಅಂತಾರೆ. ಡೀಸೆಲ್ ಎಂಜಿನ್‌ನಲ್ಲಿ ಕಪ್ಪಾಗೋದು ಆಯಿಲ್ ತನ್ನ ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು, ಮಸಿಯನ್ನ ತನ್ನಲ್ಲಿ ಹಿಡಿದುಕೊಳ್ಳುತ್ತೆ. ಹೆದರಬೇಕಾದ್ದು ಹಾಲು ಬೆರೆಸಿದ ಕಾಫಿಯಂತೆ ಕಂಡಾಗ, ಅಂದರೆ ನೀರೋ ಕೂಲಂಟೋ ಒಳಗೆ ಸೇರಿದೆ. ಇನ್ನೊಂದು, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯೋ ಬದಲು ಏರುತ್ತಾ ಹೋದಾಗ. ತೋಟದಿಂದ ಪಕ್ಕದ ಸಂತೆಗೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸೋ ಗಾಡಿಗಳಲ್ಲಿ ಡಿಪಿಎಫ್ ಮಸಿ ಸುಡೋ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆ ಅಂತ ಚಿಮ್ಮಿಸಿದ ಹೆಚ್ಚುವರಿ ಡೀಸೆಲ್ ಆಯಿಲ್‌ಗೆ ಇಳಿಯಬಹುದು. ಆಗ ಎಂಥಾ ಅಸಲಿ ಆಯಿಲ್ ಇದ್ದರೂ ತೆಳುವಾಗುತ್ತೆ. ಸರ್ವಿಸ್ ಕಿಲೋಮೀಟರ್ ತುಂಬೋ ತನಕ ಕಾಯದೆ ತೋರಿಸಿ.

ಫಿಲ್ಟರ್‌ನಲ್ಲಿ ಕಾಸು ಉಳಿಸೋಕೆ ಹೋಗ್ಬೇಡಿ

ಫಿಲ್ಟರ್ ಹೊರಗಿಂದ ನೋಡೋಕೆ ಎಲ್ಲಾ ಒಂದೇ, ವ್ಯತ್ಯಾಸ ಎಲ್ಲ ಒಳಗಡೆ. ಆಯಿಲ್ ಫಿಲ್ಟರ್‌ನಲ್ಲಿ ಕಾಗದದ ಮಡಿಕೆ ಮಾತ್ರ ಇರಲ್ಲ. ಕಾಗದ ಕಟ್ಟಿಕೊಂಡಾಗಲೂ ಎಂಜಿನ್‌ಗೆ ಆಯಿಲ್ ತಲುಪಿಸೋ ಬೈಪಾಸ್ ವಾಲ್ವ್ ಇರುತ್ತೆ. ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿದು ಹೋಗದಂತೆ ತಡೆಯೋ ರಬ್ಬರ್ ವಾಲ್ವ್ ಬಹಳಷ್ಟರಲ್ಲಿ ಇರುತ್ತೆ. ಅಗ್ಗದ ನಕಲಿಯಲ್ಲಿ ಇವೇ ಮೊದಲು ಕೈಕೊಡೋದು. ಹೊಸ ಫಿಲ್ಟರ್ ಹಾಕಿದ ಮೇಲೆ ಪ್ರತಿದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಮೊದಲಿಗಿಂತ ತಡವಾಗಿ ಆರುತ್ತಿದ್ದರೆ ಅನುಮಾನ ಪಡಿ. ಬಿಚ್ಚಿದ ಹಳೇ ಫಿಲ್ಟರನ್ನ ಹ್ಯಾಕ್‌ಸಾ ಬ್ಲೇಡಿನಲ್ಲಿ ಕೊಯ್ದು ನೋಡೋದು ಒಳ್ಳೇ ಅಭ್ಯಾಸ. ಮಡಿಕೆಗಳು ಕುಸಿದಿದ್ದರೆ, ಅಂಟು ಬಿಟ್ಟಿದ್ದರೆ ಆ ಅಂಗಡಿಗೆ ಮತ್ತೆ ಹೋಗೋ ಅಗತ್ಯ ಇಲ್ಲ.

ಗಾಡಿ ಕಂಪನಿಯ ಡಬ್ಬಿಯಲ್ಲೇ ತಗೊಳ್ಳಬೇಕು ಅಂತೇನಿಲ್ಲ. ಗಾಡಿ ಕಂಪನಿಗಳು ಫಿಲ್ಟರ್ ತಾವೇ ಮಾಡೋದು ಕಡಿಮೆ. ಬಾಷ್, ಮಾನ್, ಫ್ಲೀಟ್‌ಗಾರ್ಡ್‌ನಂಥ ತಯಾರಕರು ಅವರಿಗೂ ಪೂರೈಸಿ ತಮ್ಮ ಹೆಸರಲ್ಲೂ ಮಾರುತ್ತಾರೆ. ಪಾರ್ಟ್ ನಂಬರ್ ನಿಮ್ಮ ಗಾಡಿಗೆ ಹೊಂದಬೇಕು, ಅಷ್ಟೇ. ಥ್ರೆಡ್ ಕೂತುಕೊಳ್ತು ಅನ್ನೋದು ಹೊಂದಾಣಿಕೆ ಅಲ್ಲ.

ಡೀಸೆಲ್ ಫಿಲ್ಟರ್ ವಿಷಯದಲ್ಲಿ ಇನ್ನೂ ಹುಷಾರು. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಒತ್ತಡ 1,600 ಬಾರ್ ದಾಟೋದು ಸಾಮಾನ್ಯ. ನಮ್ಮ ಡ್ರಿಪ್ ಲೈನ್ ನಡೆಯೋದು ಒಂದು ಬಾರ್ ಆಸುಪಾಸಿನಲ್ಲಿ ಅಂತ ನೆನೆದರೆ ಅಂದಾಜಾಗುತ್ತೆ. ಆ ಒತ್ತಡದಲ್ಲಿ ಒಂದು ಹನಿ ನೀರು, ಒಂದು ಮರಳಿನ ಕಣ ಇಂಜೆಕ್ಟರ್ ಕೆಡಿಸೋಕೆ ಸಾಕು. ಫಿಲ್ಟರ್ ಕೆಳಗಿನ ನೀರು ಬಿಡೋ ಸ್ಕ್ರೂ ಎಲ್ಲಿದೆ ಅಂತ ಮೆಕ್ಯಾನಿಕ್ ಹತ್ರ ತೋರಿಸಿಕೊಂಡು, ಮ್ಯಾನ್ಯುಯಲ್ ಹೇಳಿದಷ್ಟು ದಿನಕ್ಕೊಮ್ಮೆ ನೀರು ಬಿಡಿ. ತೋಟದಲ್ಲಿ ತಿಂಗಳುಗಟ್ಟಲೆ ಇಟ್ಟ ಪ್ಲಾಸ್ಟಿಕ್ ಕ್ಯಾನಿನ ಡೀಸೆಲ್‌ನ ತಳಭಾಗವನ್ನ ಗಾಡಿಗೆ ಸುರಿಯಬೇಡಿ. ಬಂಕ್‌ನಲ್ಲಿ ಅನುಮಾನ ಬಂದರೆ ಸಾಂದ್ರತೆ ಪರೀಕ್ಷಿಸಿ ತೋರಿಸಿ ಅಂತ ಕೇಳೋ ಹಕ್ಕು ನಿಮಗಿದೆ.

ಏರ್ ಫಿಲ್ಟರನ್ನ ಟೈರಿಗೆ ಬಡಿದು ದೂಳು ಉದುರಿಸೋದು ನಮ್ಮ ಕಡೆ ಎಲ್ಲರ ಅಭ್ಯಾಸ. ಬಡಿದಾಗ ಅಂಚಿನ ಸೀಲ್ ಸೊಟ್ಟಗಾಗಿ, ಕಾಗದ ಸೀಳಿ, ದೂಳಿಗೆ ನೇರ ದಾರಿ ಆಗುತ್ತೆ. ಊದೋದಾದರೆ ಕಡಿಮೆ ಗಾಳಿಯಲ್ಲಿ ಒಳಗಿಂದ ಹೊರಕ್ಕೆ ಊದಿ. ಒಳಗಡೆ ಎರಡನೇ ಚಿಕ್ಕ ಫಿಲ್ಟರ್ ಇದ್ದರೆ ಅದನ್ನ ತೊಳೆಯೋದು, ಊದೋದು ಬೇಡ, ಬದಲಿಸೋದು ಮಾತ್ರ.

ಕೂಲಂಟ್ ಬಗ್ಗೆ ಜಾಸ್ತಿ ಹೇಳೋದು ಬೇಕಿಲ್ಲ. ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕಟ್ಟೋದನ್ನ ನೋಡಿದವರಿಗೆ ರೇಡಿಯೇಟರ್‌ಗೆ ಬೋರ್ ನೀರು ಯಾಕೆ ಬೇಡ ಅಂತ ಬಿಡಿಸಿ ಹೇಳಬೇಕಾ? ಹಸಿರು, ಕೆಂಪು ಬಣ್ಣ ನೋಡಿ ಆರಿಸಬೇಡಿ, ಬಣ್ಣಕ್ಕೆ ಯಾವ ಮಾನದಂಡವೂ ಇಲ್ಲ. ಮ್ಯಾನ್ಯುಯಲ್‌ನಲ್ಲಿರೋ ನಮೂನೆ ನೋಡಿ, ನೇರ ಸುರಿಯೋದಾ ಅಥವಾ ಡಿಮಿನರಲೈಸ್ಡ್ ನೀರು ಬೆರೆಸಬೇಕಾದ್ದಾ ಅಂತ ಓದಿ.

ಅಂಗಡಿಯಲ್ಲಿ ನಿಂತಾಗ

ಬ್ಯಾರಲ್‌ನಿಂದ ಅಳೆದು ಕೊಡೋ ಲೂಸ್ ಆಯಿಲ್ ಬೇಡ. ಸೀಲನ್ನ ನಿಮ್ಮ ಕಣ್ಣೆದುರೇ ಒಡೆಸಿ. ಬ್ಯಾಚ್ ನಂಬರ್ ಡಬ್ಬಿ ಮೇಲೂ ಪೆಟ್ಟಿಗೆ ಮೇಲೂ ಒಂದೇ ಇದೆಯಾ ನೋಡಿ. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಆದರೆ ತೆರೆದ ಪುಟದ ವಿಳಾಸ ನಿಜವಾಗಿ ಆ ಕಂಪನಿಯದೇನಾ ಅಂತ ಓದಿ. ಕೋಡನ್ನೂ ನಕಲು ಮಾಡ್ತಾರೆ. ಗೀಚಿ ನೋಡೋ ನಂಬರ್ "ಈಗಾಗಲೇ ಪರಿಶೀಲಿಸಲಾಗಿದೆ" ಅಂತ ಬಂದರೆ ವಾಪಸ್ ಕೊಡಿ. ಆನ್‌ಲೈನ್‌ನಲ್ಲಾದರೆ ಮಾರಾಟಗಾರನ ಹೆಸರನ್ನ ಕಂಪನಿಯ ಅಧಿಕೃತ ಪಟ್ಟಿಯಲ್ಲಿ ಹುಡುಕಿ. ಜಿಎಸ್‌ಟಿ ಬಿಲ್ಲಿನಲ್ಲಿ ದರ್ಜೆ, ಪಾರ್ಟ್ ನಂಬರ್ ಬರೆಸಿಕೊಂಡು ಫೋಟೋ ತೆಗೆದಿಡಿ. ವಾರಂಟಿ ಜಗಳದಲ್ಲಿ ನಿಮ್ಮ ಕಡೆಗಿರೋ ಸಾಕ್ಷಿ ಅದೊಂದೇ.

ಇಳಿಸಿದ ಹಳೇ ಆಯಿಲನ್ನ ಬೇಲಿ ಕಂಬಕ್ಕೆ, ಗೆದ್ದಲಿಗೆ ಅಂತ ಮನೆಗೆ ತರಬೇಡಿ. ಅದರಲ್ಲಿ ಸವೆದ ಲೋಹ, ಸುಟ್ಟ ಇಂಧನದ ವಿಷ ಎಲ್ಲಾ ಇರುತ್ತೆ, ಸಾವಯವ ತೋಟಕ್ಕಂತೂ ಸೇರಲೇಬಾರದು. ಅಧಿಕೃತ ಮರುಬಳಕೆದಾರರಿಗೆ ಕೊಡೋ ಗ್ಯಾರೇಜಿನಲ್ಲೇ ಬಿಡಿ. ಖಾಲಿ ಡಬ್ಬಿಯನ್ನ ಮಾತ್ರ ಹಾಗೇ ಬಿಟ್ಟು ಬರಬೇಡಿ. ಚೆನ್ನಾಗಿರೋ ಡಬ್ಬಿ ಗುಜರಿ ಸೇರಿ, ಮತ್ತೆ ತುಂಬಿಕೊಂಡು, ಇನ್ಯಾವುದೋ ಅಂಗಡಿಯ ಕಪಾಟಿಗೆ ಬರುತ್ತೆ. ಕೊಡುವ ಮುಂಚೆ ಸ್ಕ್ರೂಡ್ರೈವರ್‌ನಲ್ಲಿ ತಳಕ್ಕೆ ಎರಡು ತೂತು ಹಾಕಿ, ಲೇಬಲ್ ಗೀಚಿ, ಫಿಲ್ಟರ್‌ನ ರಟ್ಟಿನ ಡಬ್ಬಿ ಹರಿದು ಹಾಕಿ.